ಮಳೆಗಾಲದ ಗುರುಗಳು



ತುಳುನಾಡಿನಲ್ಲಿ ಪತ್ತನಾಜೆ ಎಂದೊಂದು ದಿನವಿದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ ಅದು, ಸಾಮಾನ್ಯವಾಗಿ ಮೇ 24ರ ಆಸುಪಾಸಿಗೆ ಬರುತ್ತದೆ. ಅಲ್ಲಿಗೆ ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಜಾತ್ರೆಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ವರ್ಷದ ಕೊನೆಯ ಸೇವೆಯಾಟ ಆಡಿ ದೇವರ ಮುಂದೆ ಗೆಜ್ಜೆ ಬಿಚ್ಚುತ್ತವೆ. ಮತ್ತೆ ಅವು ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ಐದಾರು ತಿಂಗಳು ಮಳೆಯದ್ದು. ಆ ಕಾಲದಲ್ಲಿ ಕೆಲವು ಕಲಾವಿದರು ಬೆಂಗಳೂರು, ಮುಂಬಯಿಗಳ ಸಭಾಂಗಣಗಳಿಗೆ ಹೋಗಿ ಆಡುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಕೆಲವರು ಗದ್ದೆಗೋ ಕೂಲಿಗೋ ಇಳಿಯುತ್ತಾರೆ. ಇನ್ನು ಕೆಲವರು ಶಾಲೆಗಳಿಗೆ ಬಂದು ಮಕ್ಕಳಿಗೆ ಕಲಿಸುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಅವರ ಬಗ್ಗೆ.

ಮೇಳ ನಿಲ್ಲುವ ಹೊತ್ತೂ ಶಾಲೆ ತೆರೆಯುವ ಹೊತ್ತೂ ಹೀಗೆ ಕೂಡಿಬಂದದ್ದು ನಮ್ಮ ಕಡೆಯ ಮಕ್ಕಳ ಭಾಗ್ಯ. ನಿನ್ನೆ ಮೊನ್ನೆಯವರೆಗೆ ಸಾವಿರಾರು ಜನರ ಮುಂದೆ ಬೆಳಗಿನವರೆಗೆ ಕರ್ಣನಾಗಿ, ಕೌರವನಾಗಿ ಮೆರೆದವರು ಜೂನ್ ತಿಂಗಳಲ್ಲಿ ಕೊಡೆ ಮಡಿಸಿ ಶಾಲೆಯ ಜಗಲಿ ಹತ್ತುತ್ತಾರೆ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳ ಎಷ್ಟೋ ಶಾಲೆಗಳಲ್ಲಿ ಇದು ನಡೆಯುತ್ತಿದೆ. ಉಡುಪಿಯಲ್ಲಂತೂ ಯಕ್ಷಶಿಕ್ಷಣ ಟ್ರಸ್ಟ್ ಎಂಬ ಸಂಸ್ಥೆಯೇ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿಕೊಡುತ್ತದೆ. ವರ್ಷದ ಕೊನೆಗೆ ಆ ಮಕ್ಕಳೆಲ್ಲ ಗೆಜ್ಜೆ ಕಟ್ಟಿ, ಬಣ್ಣ ಹಚ್ಚಿ ರಂಗಸ್ಥಳಕ್ಕೆ ಬರುತ್ತಾರೆ.

ಮಳೆಗಾಲದಲ್ಲಿ ಕಲಾವಿದರು ಮಕ್ಕಳ ಕಡೆ ತಿರುಗುವುದು ಇವತ್ತಿನ ಸಂಗತಿಯೇನಲ್ಲ. ಕುಂದಾಪುರದ ಸೀಮೆಯಲ್ಲಿ ಹೂವಿನಕೋಲು ಎಂಬ ಪದ್ಧತಿ ಇತ್ತು, ಅಲ್ಲಲ್ಲಿ ಈಗಲೂ ಇದೆ. ನವರಾತ್ರಿಯ ದಿನಗಳಲ್ಲಿ ಹುಡುಗರು ಹೂವು ಕಟ್ಟಿದ ಕೋಲು ಹಿಡಿದು, ಭಾಗವತರು ಮದ್ದಳೆಗಾರರ ಜೊತೆ ಮನೆಮನೆಗೆ ಹೋಗುತ್ತಿದ್ದರು. ಎದುರುಬದುರಾಗಿ ಕೂತು ಪ್ರಸಂಗದ ಪದ್ಯಕ್ಕೆ ಅರ್ಥ ಹೇಳುತ್ತಿದ್ದರು. ಹಾಗೆ ಹೇಳಬೇಕಾದರೆ ಅದಕ್ಕೆ ಮೊದಲು ವಾರಗಟ್ಟಲೆ ಯಾರೋ ಅವರನ್ನು ಕೂರಿಸಿಕೊಂಡು ಕಲಿಸಬೇಕಲ್ಲ? ಊರಿನ ಐಗಳು, ಮೇಳದಿಂದ ಮನೆಗೆ ಬಂದಿದ್ದ ಕಲಾವಿದರು ಆ ಕೆಲಸ ಮಾಡುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ತಾಳ, ರಾಗ, ಮಾತು ಇಷ್ಟೇ. ಅಷ್ಟರಲ್ಲೇ ಒಂದು ಮಗುವಿಗೆ ಭಾರತ ರಾಮಾಯಣ ಒಲಿಯುತ್ತಿತ್ತು.

ಮೇಳದ ಒಳಗಿನ ಕಲಿಕೆ ಮಾತ್ರ ಬೇರೆಯದೇ ಆಗಿತ್ತು. ಹತ್ತು ಹನ್ನೆರಡು ವರ್ಷದ ಹುಡುಗ ಮೇಳ ಸೇರಿದರೆ ಮೊದಲು ಕೋಡಂಗಿ. ರಾತ್ರಿಯ ಆರಂಭದಲ್ಲಿ ಬಂದು ಹೆಜ್ಜೆ ಹಾಕಿ ಹೋಗುವ ವೇಷ ಅದು. ಆಮೇಲೆ ಬಾಲಗೋಪಾಲ. ವರ್ಷಗಳು ಕಳೆದ ಮೇಲೆ ಸಣ್ಣಪುಟ್ಟ ಪಾತ್ರ. ಉಳಿದ ಹೊತ್ತು ಬಣ್ಣ ಹಚ್ಚುವ ಚೌಕಿಯಲ್ಲಿ ಹಿರಿಯರ ಕೈಕೆಲಸ ಮಾಡುತ್ತ, ರಂಗಸ್ಥಳದ ಪಕ್ಕ ನಿದ್ದೆಗಣ್ಣಲ್ಲಿ ಕೂತು ನೋಡುತ್ತ ಕಲಿಯಬೇಕು. ಇಂತಿಷ್ಟು ಪಾಠ, ಇಂತಿಷ್ಟು ಹೊತ್ತು ಎಂಬುದಿಲ್ಲ. ಕಣ್ಣಿದ್ದವನು ಕಲಿತ, ಇಲ್ಲದವನು ಹಿಂದುಳಿದ. ಆ ದಾರಿಯಿಂದ ದೊಡ್ಡ ದೊಡ್ಡ ಕಲಾವಿದರು ಬಂದರು, ನಿಜ. ಆದರೆ ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲನ್ನು ನಾಲ್ಕನೆಯ ತರಗತಿಗೋ ಏಳನೆಯ ತರಗತಿಗೋ ಇಳಿದವರು. ಬಾಲ್ಯವನ್ನೇ ಬೆಲೆ ಕೊಟ್ಟು ವಿದ್ಯೆ ಕೊಂಡವರು. ಹಾಗೆ ಓದು ಬಿಟ್ಟು ಹೋದವರೇ ಗುರುಗಳಾಗಿ ಶಾಲೆಗೆ ಬಂದು, ಮುಖ್ಯೋಪಾಧ್ಯಾಯರು ಎದ್ದು ನಿಂತು ಸ್ವಾಗತಿಸುವುದನ್ನು ನೋಡುವಾಗ ನನ್ನ ಮನಸ್ಸು ತುಂಬುತ್ತದೆ. ಪುಸ್ತಕದ ಓದಿಗಿಂತ ಬೇರೆಯಾದ ಒಂದು ವಿದ್ವತ್ತು ಲೋಕದಲ್ಲಿ ಇದೆ ಎಂದು ಮಕ್ಕಳಿಗೆ ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ, ಅವರೇ ಕಣ್ಣಾರೆ ಕಾಣುತ್ತಾರೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದವನು. ಸಂಜೆ ನಾಲ್ಕರ ಮೇಲೆ ನಡೆಯುತ್ತಿದ್ದ ಈ ತರಗತಿಗಳ ಮೂಲೆಯಲ್ಲಿ ಕೂತು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಚೆಂಡೆ ಮದ್ದಳೆ ಮೊದಲ ದಿನಗಳಲ್ಲಿ ಇರುವುದಿಲ್ಲ. ಗುರುಗಳು ಬೆಂಚಿನ ಮೇಲೆ ಕೈ ತಟ್ಟಿ ಬಾಯಲ್ಲೇ ತಾಳ ಹೇಳುತ್ತಾರೆ. ಏಕತಾಳ ಮಕ್ಕಳಿಗೆ ಬೇಗ ಹತ್ತುತ್ತದೆ. ತ್ರಿವುಡೆಗೆ ಬಂದಾಗ ಕಷ್ಟ ಶುರು. ಅದು ಏಳು ಅಕ್ಷರದ ತಾಳ, ನಮ್ಮ ಕಾಲಿರುವುದು ಎರಡು, ಸಿನಿಮಾ ಹಾಡು ಕೇಳಿ ಪಳಗಿದ ಕಿವಿ ನಾಲ್ಕಕ್ಕೆ ನಿಲ್ಲಲು ಹವಣಿಸುತ್ತದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪ್ರತಿಸಲವೂ ಅಲ್ಲೇ ತಪ್ಪುತ್ತಿದ್ದಳು. ಗುರುಗಳು ಗದರಲಿಲ್ಲ. "ಮನೆಗೆ ಹೋಪತಿಗೆ ದಾರಿಯಲ್ಲಿ ಏಳು ಎಣಿಸ್ಕಂಡೇ ನಡಿ ಮಗಾ, ಬೇರೆ ಎಂತದೂ ಮಾಡೂದ್ ಬೇಡ" ಅಂದರು. ಮುಂದಿನ ವಾರ ಅವಳು ಬಂದಾಗ ತಾಳ ಅವಳ ನಡಿಗೆಯಲ್ಲಿತ್ತು. ತಾಳದ ಲಕ್ಷಣ, ಅಕ್ಷರಸಂಖ್ಯೆ, ಪೆಟ್ಟು ಇದನ್ನೆಲ್ಲ ನಾನೂ ಕರಿಹಲಗೆಯ ಮೇಲೆ ಬರೆದು ವಿವರಿಸಬಲ್ಲೆ. ಏಳನ್ನು ದಾರಿಗೆ ಬಿಡಬೇಕು ಎಂಬುದು ನನಗೆ ಹೊಳೆಯುತ್ತಿರಲಿಲ್ಲ. ಇಡೀ ಇರುಳು ತಾಳದ ಮೇಲೆ ಬದುಕಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಕುಣಿತಕ್ಕಿಂತ ದೊಡ್ಡ ಕೊಡುಗೆ ಎಂದು ನಾನು ಎಣಿಸುವುದು ಅರ್ಥಗಾರಿಕೆಯನ್ನು. ವೃತ್ತಿಮೇಳದ ಕಲಾವಿದನಿಗೆ ಬರೆದುಕೊಟ್ಟ ಸಂಭಾಷಣೆ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅದರ ಹುರುಳನ್ನು ಹಿಡಿದು ಅಲ್ಲೇ ನಿಂತು ಮಾತು ಕಟ್ಟಬೇಕು. ಎದುರು ಪಾತ್ರ ಒಂದು ಪ್ರಶ್ನೆ ಎಸೆದರೆ ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಅದರಲ್ಲಿ ಇಂಗ್ಲಿಷ್ ಪದ ಬರಬಾರದು ಎಂಬುದು ಎಲ್ಲೂ ಬರೆದಿಡದ ಕಟ್ಟಳೆ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದ್ದು ಕೊಂಕಣಿ, ಬ್ಯಾರಿ, ಕುಂದಗನ್ನಡ. ಶಾಲೆಯ ಮಾತು ದಿನದಿನಕ್ಕೆ ಇಂಗ್ಲಿಷಿನ ಕಡೆ ಜಾರುತ್ತಿದೆ. ಇಂಥ ಮಕ್ಕಳು ಒಂದು ಗಂಟೆ ಹೊತ್ತು ಅಚ್ಚಗನ್ನಡದಲ್ಲಿ ವಾದ ಮಾಡುತ್ತಾರೆ, ರೇಗುತ್ತಾರೆ, ಕರಗುತ್ತಾರೆ. ಇಷ್ಟನ್ನು ಸಾಧಿಸಲು ಕನ್ನಡ ಮೇಷ್ಟರಾದ ನಾವು ಪಡುವ ಪಾಡು ನಮಗೇ ಗೊತ್ತು.

ಒಂದು ಸಂಜೆ ಬಬ್ರುವಾಹನ ಕಾಳಗದ ಪಾಠ. ಬಬ್ರುವಾಹನ ಯಜ್ಞದ ಕುದುರೆಯನ್ನು ಒಪ್ಪಿಸಿ, ಕಾಣದೆ ಬೆಳೆದ ತಂದೆಗೆ ನಮಸ್ಕರಿಸಲು ಬರುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪದೆ ತಾಯಿಯ ಶೀಲದ ಮೇಲೇ ಕೆಟ್ಟ ಮಾತಾಡುತ್ತಾನೆ. ಗುರುಗಳು ಕಿಸೆಯಲ್ಲಿದ್ದ ಮಾತಿನ ಚೀಟಿಯನ್ನು ಹೊರಗೆ ತೆಗೆಯಲೇ ಇಲ್ಲ. ಎದುರು ನಿಂತ ಹುಡುಗನನ್ನು ಕೇಳಿದರು: "ಅಪ್ಪ ನೀನು ನನ್ನ ಮಗ ಅಲ್ಲ ಅಂದ. ಈಗ ನೀನೆಂತ ಹೇಳ್ತೆ?" ಹುಡುಗ ತರಗತಿಯಲ್ಲಿ ಬಾಯಿ ಬಿಡದವನು, ಮನೆಯಲ್ಲಿ ತುಳು. ತಡೆದು ನಿಂತ. "ಮೊದಲು ತುಳುವಲ್ಲೇ ಹೇಳು" ಅಂದರು. ಅವನು ತುಳುವಿನಲ್ಲಿ ಒಂದೇ ಮಾತು ಹೇಳಿದ, ಆಮೇಲೆ ಅದನ್ನೇ ಕನ್ನಡಕ್ಕೆ ತಂದ: ನನಗೆ ಬೈದದ್ದು ಇರಲಿ, ಅಮ್ಮನಿಗೆ ಬೈದದ್ದು ಯಾಕೆ? ಆ ಪ್ರಸಂಗದ ತಿರುಳೇ ಅದು. ನಮಸ್ಕಾರಕ್ಕೆ ಬಂದವನು ಬಿಲ್ಲು ಎತ್ತುವುದು ಆ ಒಂದು ಕಾರಣಕ್ಕೆ. ಗುರುಗಳು ಹುಡುಗನ ಬೆನ್ನು ತಟ್ಟಿ, "ಇದನ್ನೇ ಬೆಳೆಸು, ಉಳಿದದ್ದಕ್ಕೆ ನಾನಿದ್ದೇನೆ" ಅಂದರು. ಆ ಹುಡುಗ ಮುಂದೆ ನನ್ನ ತರಗತಿಯಲ್ಲೂ ಎದ್ದು ನಿಂತು ಪ್ರಶ್ನೆ ಕೇಳತೊಡಗಿದ.

ಒಳ್ಳೆಯ ಕಲಾವಿದರೆಲ್ಲ ಒಳ್ಳೆಯ ಗುರುಗಳು ಎಂದು ನಾನು ಹೇಳಲಾರೆ. ತಾನು ಕುಣಿದು ತೋರಿಸಿ, "ಹೀಗೆ" ಎಂದಷ್ಟೇ ಹೇಳಿ ಮುಗಿಸುವವರು ಇದ್ದಾರೆ. ಅವರು ಕಲಿತದ್ದೂ ಹಾಗೆಯೇ, ಅವರನ್ನು ದೂರುವುದು ಸರಿಯಲ್ಲ. ಹೆಜ್ಜೆಯನ್ನು ಬಿಡಿಸಿ, ಮೊದಲು ಯಾವುದು ಆಮೇಲೆ ಯಾವುದು ಎಂದು ಕ್ರಮ ಕಟ್ಟಿ ಕಲಿಸುವುದೇ ಒಂದು ವಿದ್ಯೆ. ಈ ವಿದ್ಯೆಯನ್ನು ನಮ್ಮಲ್ಲಿ ಬೆಳೆಸಿದ ಕೇಂದ್ರಗಳನ್ನು ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರು ಊರೂರು ಅಲೆದು, ಹಳೆಯ ಕಲಾವಿದರ ಜೊತೆ ಕೂತು 'ಯಕ್ಷಗಾನ ಬಯಲಾಟ' ಬರೆದರು. ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ತೆರೆದಾಗ ಕು.ಶಿ. ಹರಿದಾಸ ಭಟ್ಟರ ಜೊತೆ ಕಾರಂತರೂ ಅದರ ಬೆನ್ನಿಗೆ ನಿಂತರು. ಅಲ್ಲಿ ಕಲಿಸಿದ ಮದ್ದಳೆಯ ಹಿರಿಯಡಕ ಗೋಪಾಲರಾಯರು, ಭಾಗವತ ನೀಲಾವರ ರಾಮಕೃಷ್ಣಯ್ಯನವರು, ವೇಷಧಾರಿ ಮಟಪಾಡಿ ವೀರಭದ್ರ ನಾಯಕರು ಮುಂತಾದವರೆಲ್ಲ ವೃತ್ತಿಯಲ್ಲಿ ಬೆಂದು ಬಂದವರು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ದಶಕಗಳ ಕಾಲ ಅಲ್ಲಿ ಗುರುಗಳಾದರು. ಆ ಕೇಂದ್ರದಲ್ಲಿ ಮಕ್ಕಳು ಅಲ್ಲೇ ಇದ್ದು, ಹಗಲು ಹತ್ತಿರದ ಶಾಲೆಗೆ ಹೋಗಿ, ಬೆಳಿಗ್ಗೆ ಸಂಜೆ ಯಕ್ಷಗಾನ ಕಲಿಯುತ್ತಾರೆ. ಓದು ಬಿಟ್ಟರೆ ಮಾತ್ರ ಕಲೆ ಎಂಬ ಹಳೆಯ ಬೆಲೆಯನ್ನು ಅಲ್ಲಿ ತೆರಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಆ ಕೇಂದ್ರದ ಅತಿ ದೊಡ್ಡ ಸಾಧನೆ ಇದೇ.

ಉತ್ತರ ಕನ್ನಡದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಕಲಾಕೇಂದ್ರ ಕಟ್ಟಿದರು. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಸ್ಥಾಪಿಸಿದವರು. ಮೇಳದ ಮನೆಯಲ್ಲಿ ಹುಟ್ಟಿ ಬೆಳೆದ ಶಂಭು ಹೆಗಡೆಯವರು ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದದ್ದನ್ನು ಗಮನಿಸಬೇಕು. ಹೊರಗಿನ ಶಿಸ್ತು ಕಲಿತ ಮೇಲೆ ತನ್ನ ಮನೆಯ ವಿದ್ಯೆಯನ್ನು ಹೇಗೆ ಕಲಿಸಬೇಕೆಂಬುದು ಇನ್ನಷ್ಟು ತಿಳಿಯಾಗುತ್ತದೆ. ಇನ್ನು ಸಾಲಿಗ್ರಾಮ ಮಕ್ಕಳ ಮೇಳ. 1970ರ ದಶಕದಲ್ಲಿ ಹುಟ್ಟಿದ ಆ ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ ಶ್ರೀಧರ ಹಂದೆಯವರು ಸ್ವತಃ ಶಾಲಾ ಶಿಕ್ಷಕರು. ಮಕ್ಕಳಿಂದಲೇ ಇಡೀ ಪ್ರಸಂಗ ಆಡಿಸಬಹುದು, ಅದೂ ಮಕ್ಕಳಾಟವಾಗದ ಹಾಗೆ, ಎಂದು ಆ ತಂಡ ಊರಿಗೂ ಹೊರದೇಶಕ್ಕೂ ತೋರಿಸಿತು.

ಶಾಲೆಯ ತರಗತಿಗಳು ತಂದ ಒಂದು ಬದಲಾವಣೆಯನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ. ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡುವ ಪದ್ಧತಿ. ಶಾಲೆಯಲ್ಲಿ ಹುಡುಗಿಯರೇ ಅರ್ಜುನ, ಹುಡುಗಿಯರೇ ರಕ್ಕಸ. ತಲೆಗೆ ಕೇದಗೆ ಮುಂದಲೆ ಕಟ್ಟಿ, ಒಡ್ಡೋಲಗದಲ್ಲಿ ತೆರೆ ಸರಿಸಿ ಬರುವ ಎಂಟನೆಯ ತರಗತಿಯ ಹುಡುಗಿಯ ಮುಖದಲ್ಲಿ ಕಾಣುವ ಠೀವಿಯನ್ನು ಅವಳ ಮನೆಯವರೇ ಅದುವರೆಗೆ ಕಂಡಿರುವುದಿಲ್ಲ. ಮೇಳದಲ್ಲಿ ಹೆಣ್ಣಿನ ಜೊತೆ ಎಂದೂ ವೇಷ ಕಟ್ಟದ ಕಲಾವಿದರು ಶಾಲೆಯಲ್ಲಿ ಈ ಹುಡುಗಿಯರಿಗೆ ವೀರರಸ ಕಲಿಸುತ್ತಾರೆ, ಕಲಿಸುತ್ತ ತಾವೂ ಬದಲಾಗುತ್ತಾರೆ. ಆದರೆ ಹತ್ತನೆಯ ತರಗತಿ ಮುಗಿದ ಮೇಲೆ ಆ ಹುಡುಗಿಗೆ ಗೆಜ್ಜೆ ಕಟ್ಟಲು ಜಾಗ ಎಲ್ಲಿ? ಮಹಿಳಾ ತಂಡಗಳು ಕೆಲವಿವೆ, ಸಾಲವು. ಕಲಿಸಿದ ಸಮಾಜ ಈ ಪ್ರಶ್ನೆಗೂ ಉತ್ತರ ಹುಡುಕಬೇಕು.

ನನ್ನ ದೂರುಗಳನ್ನೂ ಹೇಳುತ್ತೇನೆ. ಮೊದಲನೆಯದು, ವಾರ್ಷಿಕೋತ್ಸವದ ಹುಚ್ಚು. ಡಿಸೆಂಬರಿನಲ್ಲಿ ಗಣ್ಯರು ಬರುತ್ತಾರೆ, ಮುಕ್ಕಾಲು ಗಂಟೆ ಯಕ್ಷಗಾನ ಬೇಕು, ಆದ್ದರಿಂದ ಅಕ್ಟೋಬರಿನಲ್ಲಿ ಒಬ್ಬರನ್ನು ಕರೆಸಿ ಎಂಬ ಅವಸರ. ಅಷ್ಟು ಕಡಿಮೆ ಹೊತ್ತಿನಲ್ಲಿ ತಾಳ ಕೂರುವುದಿಲ್ಲ, ಅರ್ಥ ಮೂಡುವುದಿಲ್ಲ. ಗುರುಗಳು ಗತಿಯಿಲ್ಲದೆ ಮಾತು ಬರೆದು ಬಾಯಿಪಾಠ ಮಾಡಿಸುತ್ತಾರೆ. ಬಾಡಿಗೆಯ ವೇಷಭೂಷಣ, ಬಣ್ಣ, ಫೋಟೋ, ಚಪ್ಪಾಳೆ. ಮರುದಿನ ಏನೂ ಉಳಿಯುವುದಿಲ್ಲ. ಸ್ಪರ್ಧೆಗಳೂ ಇದನ್ನೇ ಮಾಡುತ್ತಿವೆ. ಚೆನ್ನಾಗಿ ಕುಣಿಯುವ ಎಂಟು ಮಕ್ಕಳನ್ನು ಆರಿಸಿಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ನಾನು ಹೇಳಿದ ಆ ತುಳು ಹುಡುಗ, ತ್ರಿವುಡೆ ತಪ್ಪುತ್ತಿದ್ದ ಆ ಹುಡುಗಿ, ಇಬ್ಬರೂ ಅಂಥ ಆಯ್ಕೆಯಲ್ಲಿ ಮೊದಲ ದಿನವೇ ಹೊರಗೆ ಬೀಳುವವರು.

ಎರಡನೆಯದು ಹಣದ ಮಾತು. ಕಲೆ ಸೇವೆ, ಮಕ್ಕಳು ದೇವರು, ಹಣದ ಮಾತೇಕೆ ಎಂದು ಗುರುಗಳ ಕೈಗೆ ಶಾಲು ಹಣ್ಣು ಕೊಟ್ಟು ಕಳಿಸುವವರನ್ನು ನಾನು ಕಂಡಿದ್ದೇನೆ. ತಿಂಗಳ ಸಂಭಾವನೆಗೆ ಅವರು ವರ್ಷದ ಕೊನೆವರೆಗೆ ಕಾಯುವುದನ್ನೂ ಕಂಡಿದ್ದೇನೆ. ಮೇಳದ ಸಂಬಳ ತಿರುಗಾಟದ ತಿಂಗಳುಗಳದ್ದು. ಮಳೆಗಾಲದಲ್ಲಿ ಅದು ನಿಂತಿರುತ್ತದೆ. ಆ ತಿಂಗಳುಗಳಲ್ಲೇ ಅವರ ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಕೊಡೆ ಎಲ್ಲ ಬರುತ್ತದೆ. ಗಣಿತದ ಮೇಷ್ಟರಿಗೆ ಸೇವೆಯ ಹೆಸರಲ್ಲಿ ಸಂಬಳ ತಡೆಹಿಡಿಯಲು ಯಾರೂ ಮುಂದಾಗುವುದಿಲ್ಲ. ಕಲಿಸುವ ಕಲಾವಿದರಿಗೆ ಹಾಗೆ ಮಾಡುವುದು ಅನ್ಯಾಯ.

ಯಕ್ಷಗಾನದ ಬಗ್ಗೆಯೇ ಇಷ್ಟು ಹೇಳಿದೆ, ನಾನು ಹತ್ತಿರದಿಂದ ಕಂಡದ್ದು ಅದು. ಇದೇ ಕೆಲಸವನ್ನು ನಾಡಿನ ಬೇರೆ ಕಡೆ ಆಧುನಿಕ ರಂಗಭೂಮಿಯವರು ಮಾಡಿದ್ದಾರೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಬಾಲ್ಯದಲ್ಲೇ ಶಾಲೆಯ ನಾಟಕದಲ್ಲಿ ವೇಷ ಹಾಕಿದವರು, ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ದೊಡ್ಡ ನಿರ್ದೇಶಕರಾಗಿ ಹೆಸರು ಮಾಡುವ ಮೊದಲು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಕಲ್ಲು, ಬಿದಿರು, ಗೆರಟೆ, ತಟ್ಟೆಗಳಿಂದ ನಾದ ಹೊರಡಿಸುವ ಅವರ ರಂಗಸಂಗೀತದಲ್ಲಿ ಮಗುವಿನ ಕುತೂಹಲ ಕೊನೆವರೆಗೂ ಉಳಿದಿತ್ತು. ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ನಡೆಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಯಿತು, ಅದರ ಕಲಾವಿದರು ಬೇಸಿಗೆಯಲ್ಲಿ ನಡೆಸುವ ಚಿನ್ನರ ಮೇಳಕ್ಕೆ ಮಕ್ಕಳು ಮುಗಿಬಿದ್ದು ಬರುತ್ತಾರೆ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು ನಾಡಿನ ಮೂಲೆಮೂಲೆಯಲ್ಲಿ ಮಕ್ಕಳ ನಾಟಕ ಮಾಡಿಸುತ್ತಿದ್ದಾರೆ. ಇವೆಲ್ಲ ಹೆಮ್ಮೆಯ ಸಂಗತಿಗಳು. ಆದರೂ ಬೇಸಿಗೆ ಶಿಬಿರ ಬಹುಮಟ್ಟಿಗೆ ಪೇಟೆಯ ಮಕ್ಕಳಿಗೆ, ಶುಲ್ಕ ಕೊಡಬಲ್ಲ ಮನೆಯವರಿಗೆ ಸಿಗುವಂಥದ್ದು. ಸರ್ಕಾರಿ ಶಾಲೆಯ ಮಗುವಿನ ಬೇಸಿಗೆ ಅಜ್ಜಿಮನೆಯಲ್ಲೋ ಅಪ್ಪ ಅಮ್ಮನ ಕೆಲಸದ ಜಾಗದಲ್ಲೋ ಕಳೆಯುತ್ತದೆ. ಆ ಮಗುವನ್ನು ತಲುಪಬೇಕಾದರೆ ಕಲಾವಿದರು ಶಾಲೆಯ ದಿನಗಳಲ್ಲಿ, ಶಾಲೆಯೊಳಗೇ ಇರಬೇಕು.

ಸರ್ಕಾರದ ಕಾಗದಗಳಲ್ಲಿ ಇದಕ್ಕೆ ಒಪ್ಪಿಗೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನು, ಬರಹಗಾರರನ್ನು, ಕುಶಲಕರ್ಮಿಗಳನ್ನು ಶಾಲೆಗಳಲ್ಲಿ ಬೋಧಕರಾಗಿ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು, ನಾಡಿನ ಶಾಲೆಗಳ ಸಂಖ್ಯೆಯ ಮುಂದೆ ಅವರು ಬೆರಳೆಣಿಕೆಯವರು. ಹುದ್ದೆ ಬರಲಿ ಎಂದು ಕಾಯುತ್ತ ಕೂತರೆ ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ಆದ್ದರಿಂದ ಈ ಮಾತು ಕೇಳುತ್ತಿರುವ ಮುಖ್ಯೋಪಾಧ್ಯಾಯರಲ್ಲಿ, ಶಾಲಾ ಮೇಲುಸ್ತುವಾರಿ ಸಮಿತಿಯ ಸದಸ್ಯರಲ್ಲಿ, ಹಳೆವಿದ್ಯಾರ್ಥಿ ಸಂಘದವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೆ ಒಬ್ಬ ಕಲಾವಿದರು ಇದ್ದೇ ಇರುತ್ತಾರೆ. ಕರಾವಳಿಯಲ್ಲಾದರೆ ಮೇಳದವರು, ಬಯಲುಸೀಮೆಯಲ್ಲಾದರೆ ಮೂಡಲಪಾಯದ ಭಾಗವತರು, ತೊಗಲುಬೊಂಬೆಯವರು, ದೊಡ್ಡಾಟದ ಮಾಸ್ತರರು. ಅವರನ್ನು ಈ ಶಾಲಾವರ್ಷದ ಆರಂಭದಲ್ಲೇ ಹೋಗಿ ಕಾಣಿ. ವಾರಕ್ಕೆ ಎರಡು ಗಂಟೆ ಕೊಡಿ, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಿ, ಪ್ರದರ್ಶನದ ತಾರೀಕನ್ನು ಗುರುಗಳೇ ನಿರ್ಧರಿಸಲಿ. ಹಳೆವಿದ್ಯಾರ್ಥಿಗಳು ಸೇರಿದರೆ ಒಬ್ಬ ಗುರುವಿನ ಆರು ತಿಂಗಳ ಸಂಭಾವನೆ ದೊಡ್ಡ ಮೊತ್ತವಲ್ಲ. ಅದನ್ನು ತಿಂಗಳ ಕೊನೆಗೆ ತಪ್ಪದೆ ಅವರ ಕೈಗೆ ತಲುಪಿಸಿ.